ಭೇದಿ ನಿಂತ ಮೇಲೂ ಮಾತ್ರೆ ಬೇಕೆ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ರಕ್ತ, ಲೋಳೆ ಬೆರೆತ ಭೇದಿಯಾಗಿ, ಮಲಪರೀಕ್ಷೆಯಲ್ಲಿ ಅಮೀಬಾ ಕಂಡದ್ದರಿಂದ ವೈದ್ಯರು ಮೆಟ್ರೊನಿಡಜೋಲ್ ಮಾತ್ರೆಯನ್ನು ದಿನಕ್ಕೆ ಮೂರರಂತೆ ಏಳು ದಿನಕ್ಕೆ ಬರೆದುಕೊಟ್ಟರು. ಮೂರನೆಯ ದಿನಕ್ಕೇ ಭೇದಿ ನಿಂತಿದೆ. ಆದರೆ ಬಾಯಿ ತಾಮ್ರದ ಚೊಂಬು ನೆಕ್ಕಿದಂತಿದೆ, ಮೂತ್ರ ಕಡುಕಂದಾಗಿದೆ. ಉಳಿದ ಮಾತ್ರೆಯನ್ನು, ನಿನ್ನೆಯಿಂದ ನೀರುನೀರಾಗಿ ಭೇದಿಯಾಗುತ್ತಿರುವ ಮಗನಿಗೆ ಕೊಡಬಹುದೆ? ನಾಡಿದ್ದು ಕೈಲ್ ಮುಹೂರ್ತದ ಊಟಕ್ಕೆ ಕರೆದಿದ್ದಾರೆ. ಒಂದು ಲೋಟ ಹೋಮ್‌ಮೇಡ್ ವೈನ್ ಕುಡಿದರೆ ತೊಂದರೆಯೆ?

ಉತ್ತರ: ಮಾತ್ರೆ ನಿಲ್ಲಿಸಬೇಡಿ, ಮಗನಿಗೂ ಕೊಡಬೇಡಿ. ಈ ಔಷಧವು ಆಮ್ಲಜನಕವಿಲ್ಲದೆ ಬದುಕುವ ಜೀವಿಯೊಳಗೆ ಹೊಕ್ಕಾಗ ಮಾತ್ರ ರೂಪ ಬದಲಿಸಿ, ಅದರ ಡಿಎನ್‌ಎಯನ್ನು ಕಡಿದುಹಾಕುತ್ತದೆ. ಆದ್ದರಿಂದಲೇ ಅಮೀಬಾ, ಜಿಯಾರ್ಡಿಯಾಗಳಂಥ ಕರುಳಿನ ಪರಜೀವಿಗಳ ಜೊತೆಗೆ ಒಸಡಿನ ಸಂದಿಯಲ್ಲಿ ಅಡಗುವ ಕೆಲವು ಬ್ಯಾಕ್ಟೀರಿಯಾಗಳಿಗೂ ಇದು ಮದ್ದು. ಬ್ಯಾಕ್ಟೀರಿಯಾಗಳ ಮೇಲಿನ ಈ ಗುಣ ಬೆಳಕಿಗೆ ಬಂದದ್ದು 1962ರಲ್ಲಿ, ಅದೂ ಆಕಸ್ಮಿಕವಾಗಿ: ಟ್ರೈಕೊಮೊನಾಸ್ ಎಂಬ ಪರಜೀವಿಯಿಂದಾದ ಯೋನಿಯ ಸೋಂಕಿಗೆಂದು ಇದನ್ನು ನುಂಗಿದ ಮಹಿಳೆಯೊಬ್ಬರ ಒಸಡಿನ ಹುಣ್ಣೂ ಮಾಯವಾಯಿತು. ವೈರಸ್‌ನ ಮೇಲೆ ಮಾತ್ರ ಇದರ ಆಟ ನಡೆಯದು, ಮಕ್ಕಳ ನೀರುಭೇದಿಗಾದರೋ ಬಹುಪಾಲು ವೈರಸ್ಸೇ ಕಾರಣ. ಮಗನಿಗೆ ಒಆರ್‌ಎಸ್ ಕುಡಿಸುತ್ತಿರಿ. ರಕ್ತ ಕಂಡರೆ, ಜ್ವರ ಏರಿದರೆ ಅಥವಾ ಮೂತ್ರ ಕಡಿಮೆಯಾದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಂಗಡಿಯಲ್ಲಿ ‘ಲೂಸ್ ಮೋಷನ್ ಮಾತ್ರೆ’ ಎಂದು ಕೇಳಿ ಎರಡು ಕೊಂಡುಬರುವ ನಮ್ಮ ಅಭ್ಯಾಸ ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ. ಈ ಮಾತ್ರೆ ಬಹುತೇಕ ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರಿಬಿಡುವುದರಿಂದ, ಕರುಳಗೋಡೆಯನ್ನು ಕೊರೆಯುವ ಅಮೀಬಾ ಸತ್ತರೂ ದೊಡ್ಡ ಕರುಳಿನಲ್ಲಿ ಚಿಪ್ಪು ಕಟ್ಟಿಕೊಂಡು ಕುಳಿತ ಸಿಸ್ಟ್‌ಗಳು ಉಳಿಯಬಹುದು. ಅವು ಮಲದೊಂದಿಗೆ ಹೊರಬಂದು, ಮಳೆಗಾಲದಲ್ಲಿ ಇಳಿಜಾರಿನ ಕೆಳಗಿನ ಬಾವಿಗೋ ತೋಡಿಗೋ ಸೇರಿದರೆ ತೋಟದ ಕಾರ್ಮಿಕರ ಲೈನ್‌ಮನೆಯವರಿಗೆಲ್ಲ ಅಂಟಬಹುದು. ಹೀಗಾಗಿ ಈ ಕೋರ್ಸ್ ಮುಗಿದ ಮೇಲೆ ಡೈಲೊಕ್ಸನೈಡ್ ಫ್ಯೂರೊಯೇಟ್‌ನಂಥ ಎರಡನೆಯ ಔಷಧ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್‌ಗೆ ಈ ಸಿಸ್ಟ್‌ಗಳು ಸುಲಭವಾಗಿ ಜಗ್ಗುವುದಿಲ್ಲ. ನೀರನ್ನು ಕುದಿಸಿಯೇ ಕುಡಿಯಿರಿ.

ವೈನ್ ಬೇಡ. ಈ ಮಾತ್ರೆಯ ಜೊತೆ ಮದ್ಯ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಬಹುದೆಂಬ ಎಚ್ಚರಿಕೆ ಹಳೆಯದು; ಅದು ಎಲ್ಲರಿಗೂ ಆಗುತ್ತದೆಯೇ ಎಂಬ ಬಗ್ಗೆ ಈಚೆಗೆ ಸಂಶಯಗಳು ಎದ್ದಿದ್ದರೂ, ಕೊನೆಯ ಮಾತ್ರೆಯ ನಂತರ ಮೂರು ದಿನ ದೂರವಿರುವುದೇ ಲೇಸು. ಕಡುಬು, ಪಂದಿಕರಿಗೆ ನನ್ನ ಅಡ್ಡಿಯಿಲ್ಲ, ಹೊಟ್ಟೆ ಒಪ್ಪಿದರೆ.

ಬಾಯಿಯ ಲೋಹದ ರುಚಿ, ಮೂತ್ರದ ಬಣ್ಣ ಎರಡೂ ಮದ್ದಿನಿಂದಲೇ ಆಗುವಂಥವು, ಕೋರ್ಸ್ ಮುಗಿದ ಮೇಲೆ ಹೋಗುತ್ತವೆ. ಊಟದ ನಂತರ ನುಂಗಿದರೆ ಓಕರಿಕೆ ಕಡಿಮೆ. ಆದರೆ ಕಣ್ಣು ಹಳದಿಯಾದರೆ, ಕೈಕಾಲು ಜುಮುಗುಟ್ಟಿದರೆ ಅಥವಾ ನೀವು ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುತ್ತಿದ್ದರೆ, ಮುಂದಿನ ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ತಿಳಿಸಿ.