ಸಲಹಾ ಸಮಿತಿಗೆ ಹೆಸರು ಹುಡುಕುವ ಮೊದಲು ಬೀಗ ಹಾಕಿದ ಕೋಣೆ ತೆಗೆಯಿರಿ

ನಿಮ್ಮ ಪ್ರಶ್ನೆ ಓದಿ ಎರಡು ದಿನ ಉತ್ತರ ಬರೆಯಲು ಕೈ ಬರಲಿಲ್ಲ. ಹೊಸ ಮಾನವಿಕ ಅಧ್ಯಯನ ಕೇಂದ್ರ, ಹೊರಗಿನವರ ಸಲಹಾ ಸಮಿತಿ, ಹತ್ತು ಹನ್ನೆರಡು ದೊಡ್ಡ ಹೆಸರು ಬೇಕು, ಎಂಥವರನ್ನು ಆರಿಸಲಿ ಅಂತ ಕೇಳಿದ್ದೀರಿ. 2011ರಲ್ಲಿ ನಾನೂ ಹೀಗೇ ಪಟ್ಟಿ ಬರೆಯುತ್ತಾ ಕೂತಿದ್ದೆ.

ನಮ್ಮದು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯ. ಕೇಂದ್ರಕ್ಕೆ ಮೂರು ಕೋಣೆ, ಒಬ್ಬ ಸಹಾಯಕ, ಒಬ್ಬ ಅಟೆಂಡರ್, ನಾನು ಸಂಯೋಜಕ. ಮೂರನೇ ಕೋಣೆಯಲ್ಲಿ ಎರಡು ಕಬ್ಬಿಣದ ಬೀರು. ಅದರೊಳಗೆ ಸುಮಾರು ಮುನ್ನೂರು ಕ್ಯಾಸೆಟ್. 1980ರ ದಶಕದಲ್ಲಿ ನಮ್ಮ ಹಿರಿಯ ಮೇಷ್ಟ್ರೊಬ್ಬರು ಹಳ್ಳಿ ಹಳ್ಳಿ ಸುತ್ತಿ ರೆಕಾರ್ಡ್ ಮಾಡಿದ್ದ ಜನಪದ ಹಾಡುಗಳು. ಗೀಗೀ ಪದ ಇತ್ತು, ಡೊಳ್ಳಿನ ಹಾಡು ಇತ್ತು, ಚೌಡಿಕೆ ಪದ ಇತ್ತು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಹಂತಿ ಪದ.

ಹಂತಿ ಪದ ಗೊತ್ತಲ್ವಾ? ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ಅನ್ನುವ ಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆ ತುಳಿಸುತ್ತಾ ರಾತ್ರಿಯೆಲ್ಲ ಹಾಡುವುದು. ಎತ್ತಿಗೂ ನಿದ್ದೆ ಬರಬಾರದು, ಮನುಷ್ಯನಿಗೂ ಬರಬಾರದು. ಒಕ್ಕುವ ಮಶೀನು ಬಂದ ಮೇಲೆ ಕಣವೇ ಹೋಯಿತು. ಕಣ ಹೋದ ಮೇಲೆ ಹಾಡು ಎಲ್ಲಿ ನಿಲ್ಲುತ್ತದೆ? ಈಗ ವೇದಿಕೆ ಮೇಲೆ ಹಾಡುವವರು ಇದ್ದಾರೆ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಎತ್ತಿನ ಹೆಜ್ಜೆಗೆ ಹೊಂದಿಕೊಂಡು ಹಾಡಿದ್ದು ನಮ್ಮಲ್ಲಿ ಆ ಕ್ಯಾಸೆಟ್‌ಗಳಲ್ಲಿ ಮಾತ್ರ ಇತ್ತು.

ನಾನು ಹನ್ನೊಂದು ಜನರ ಸಮಿತಿ ಮಾಡಿದೆ. ಇಬ್ಬರು ನಿವೃತ್ತ ಕುಲಪತಿಗಳು, ಮೂವರು ಹೆಸರಾಂತ ಸಾಹಿತಿಗಳು, ಒಬ್ಬ ಉದ್ಯಮಿ, ಒಬ್ಬರು ರೇಡಿಯೋದಲ್ಲಿ ಮೂವತ್ತು ವರ್ಷ ಧ್ವನಿ ವಿಭಾಗ ನೋಡಿಕೊಂಡು ನಿವೃತ್ತರಾದವರು, ಹೀಗೆ. ವರ್ಷಕ್ಕೆ ಒಂದು ಸಭೆ. ಕುಲಸಚಿವರ ಕಚೇರಿ ಅಜೆಂಡಾ ಕಳಿಸುತ್ತಿತ್ತು. ನಾನು ಪವರ್ ಪಾಯಿಂಟ್‌ನಲ್ಲಿ ಎಷ್ಟು ವಿಚಾರ ಸಂಕಿರಣ, ಎಷ್ಟು ಪುಸ್ತಕ ಅಂತ ತೋರಿಸುತ್ತಿದ್ದೆ. ಅವರು ಎರಡು ಒಳ್ಳೆ ಮಾತು ಆಡುತ್ತಿದ್ದರು. ಶಾಲು, ಹಣ್ಣಿನ ಬುಟ್ಟಿ, ಪ್ರಯಾಣ ಭತ್ಯೆಯ ಟಿಎ-ಡಿಎ ಫಾರಂ, ಗ್ರೂಪ್ ಫೋಟೋ. ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ಆ ಫೋಟೋ ಫೈಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

2014ರ ಜೂನ್ ಸಭೆ. ಊಟಕ್ಕೆ ಹೋಗುವಾಗ ರೇಡಿಯೋದವರು ಮೂರನೇ ಕೋಣೆಯ ಮುಂದೆ ನಿಂತರು. ಬಾಗಿಲಿಗೆ ಬೀಗ ಇತ್ತು. "ಇದರೊಳಗೇನಿದೆ?" ಅಂದರು. ನಾನು "ಸ್ಟೋರ್ ರೂಮ್ ಸರ್" ಅಂದೆ. ಅವರು ತಲೆಯಾಡಿಸಿ ಮುಂದೆ ನಡೆದರು. ಇಷ್ಟೇ.

ಯಾಕೆ ಹಾಗಂದೆ? ಆ ಕೋಣೆಯ ಗೋಡೆಗೆ ಹಿಂದಿನ ಮಳೆಗಾಲದಿಂದ ನೀರು ಇಳಿಯುತ್ತಿತ್ತು. ಬೀರುವಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಕೆಲವು ಕ್ಯಾಸೆಟ್ ಒಳಗೆ ಬಿಳಿ ಪುಡಿಯಂಥದ್ದು ಕಾಣುತ್ತಿತ್ತು. ರಿಪೇರಿಗೆ ಮೂರು ಸಲ ಪತ್ರ ಬರೆದಿದ್ದೆ, ಆಗಿರಲಿಲ್ಲ. ಹೊರಗಿನವರ ಮುಂದೆ ಮನೆಯ ಹುಳುಕು ಯಾಕೆ ತೋರಿಸುವುದು, ಕೇಂದ್ರದ ಮರ್ಯಾದೆ ಏನಾಗಬೇಕು, ಕುಲಪತಿಗಳ ಕಿವಿಗೆ ಬಿದ್ದರೆ ಏನಂದುಕೊಂಡಾರು ಅಂತ ಯೋಚಿಸಿದೆ. ಮನೆಗೆ ನೆಂಟರು ಬಂದರೆ ಚೆನ್ನಾಗಿರುವ ಕೋಣೆಯಲ್ಲೇ ಕೂರಿಸುತ್ತೇವಲ್ಲ, ಅದೇ ಬುದ್ಧಿ. ಆದರೆ ಅವರು ನೆಂಟರಾಗಿ ಬಂದಿರಲಿಲ್ಲ. ಸಲಹೆ ಕೊಡಲು ಬಂದಿದ್ದರು. ಆ ಕೋಣೆಯ ಬಗ್ಗೆ ಸಲಹೆ ಕೊಡಬಲ್ಲವರು ಇಡೀ ಕ್ಯಾಂಪಸ್ಸಿನಲ್ಲಿ ಅವತ್ತು ಅವರೊಬ್ಬರೇ ಇದ್ದರು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಮುಂದಿನ ಜನವರಿಯಲ್ಲಿ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಲು ಸಣ್ಣ ಗ್ರಾಂಟ್ ಬಂತು. ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ ದುಡ್ಡು ವಾಪಸ್. ಆತುರದಲ್ಲಿ ಒಂದು ಪ್ಲೇಯರ್ ತಂದೆ, ಇಬ್ಬರು ಹುಡುಗರನ್ನು ಕೂರಿಸಿದೆ. ಒಂದು ಕ್ಯಾಸೆಟ್ ಮುಗಿದ ತಕ್ಷಣ ಇನ್ನೊಂದು. ಎರಡನೇ ವಾರಕ್ಕೆ ದನಿ ಮಂಕಾಗತೊಡಗಿತು. ಟೇಪ್ ಹಳೆಯದು, ಅದಕ್ಕೇ ಹೀಗೆ ಅಂದುಕೊಂಡೆವು. ಆಮೇಲೆ ಸಿಕ್ಕಿಹಾಕಿಕೊಳ್ಳತೊಡಗಿತು, ಹರಿಯತೊಡಗಿತು. ಜಾಸ್ತಿ ಇದ್ದದ್ದು ತೊಂಬತ್ತು ನಿಮಿಷದ ಕ್ಯಾಸೆಟ್. ಅದರ ಟೇಪ್ ಅರವತ್ತು ನಿಮಿಷದ್ದಕ್ಕಿಂತ ತೆಳು, ಬೇಗ ಹರಿಯುತ್ತದೆ. ಇದೂ ನನಗೆ ಆಗ ಗೊತ್ತಿರಲಿಲ್ಲ.

ಕೊನೆಗೆ ಬೇರೆ ದಾರಿ ಕಾಣದೆ ಆ ರೇಡಿಯೋದವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ಎಲ್ಲವನ್ನೂ ಒಂದೇ ಪ್ಲೇಯರ್‌ಗೆ ಹಾಕಿದಿರಾ?"

ಆ ಬಿಳಿ ಪುಡಿ ಬೂಷ್ಟು. ಬೂಷ್ಟು ಹಿಡಿದ ಟೇಪ್ ಓಡಿಸಿದರೆ ಅದು ಪ್ಲೇಯರಿನ ಹೆಡ್ಡಿಗೆ, ಅಂದರೆ ಟೇಪಿನಿಂದ ದನಿ ಓದುವ ಭಾಗಕ್ಕೆ, ಮೆತ್ತಿಕೊಳ್ಳುತ್ತದೆ. ಹೆಡ್ ಕಟ್ಟಿದರೆ ದನಿ ಮಂಕು. ಅದೇ ಪ್ಲೇಯರ್‌ಗೆ ಒಳ್ಳೆ ಕ್ಯಾಸೆಟ್ ಹಾಕಿದರೆ ಅದಕ್ಕೂ ಅಂಟುತ್ತದೆ. ಮೊದಲು ಬೂಷ್ಟು ಹಿಡಿದದ್ದನ್ನು ಬೇರೆ ಮಾಡಬೇಕಿತ್ತು. ಒಣಗಿಸಬೇಕಿತ್ತು. ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ ಒರೆಸಬೇಕಿತ್ತು. ಐದು ನಿಮಿಷದ ಮಾತು. ಆ ಜೂನ್‌ನಲ್ಲಿ ಬಾಗಿಲು ತೆಗೆದಿದ್ದರೆ ಊಟಕ್ಕೆ ಮೊದಲೇ ಹೇಳಿಬಿಡುತ್ತಿದ್ದರು.

ಮರುದಿನ ಅವರು ಬಸ್ಸಿನಲ್ಲಿ ಬಂದರು. ಚೀಲದಲ್ಲಿ ಸ್ಪಿರಿಟ್ ಬಾಟಲಿ, ಹತ್ತಿ, ಸಣ್ಣ ಸ್ಕ್ರೂಡ್ರೈವರ್‌ಗಳು, ಮಾಸ್ಕ್. ಹನ್ನೆರಡು ದಿನ ಉಳಿದರು. ಕ್ಯಾಸೆಟ್ ಬಿಚ್ಚಿ, ಟೇಪನ್ನು ಬೇರೆ ಡಬ್ಬಿಗೆ ಹಾಕಿ, ಹರಿದದ್ದನ್ನು ಅಂಟಿಸಿ, ಒಂದೊಂದಾಗಿ ಓಡಿಸಿದರು. ಟಿಎ-ಡಿಎ ಫಾರಂ ಕೊಟ್ಟರೆ ಮುಟ್ಟಲಿಲ್ಲ. ಮುನ್ನೂರರಲ್ಲಿ ಉಳಿದದ್ದು ಎಂಬತ್ತು ಚಿಲ್ಲರೆ. ಹಂತಿ ಪದದ್ದು ಹತ್ತೊಂಬತ್ತು.

ಒಂದು ಸಂಜೆ ಚಹಾ ಕುಡಿಯುತ್ತಾ ಹೇಳಿದರು: ಮೈಸೂರಿನಲ್ಲಿ ಆಕಾಶವಾಣಿ ಹುಟ್ಟಿದ್ದೇ ಒಬ್ಬ ಮೇಷ್ಟ್ರ ಮನೆಯಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಕಾಲೇಜಿನವರಿಗೂ ರೇಡಿಯೋದವರಿಗೂ ನಡುವೆ ಗೋಡೆ ಯಾವಾಗ ಬಂತೋ ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಎಂಥ ದೊಡ್ಡವರು ಬೇಕು" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಮೊದಲು ನಿಮ್ಮ ಕೇಂದ್ರದ ಕಷ್ಟಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಾಚಿಕೆಯಾಗುವಂಥದ್ದನ್ನು ಮೊದಲು ಬರೆಯಿರಿ. ಆಮೇಲೆ ಒಂದೊಂದು ಕಷ್ಟಕ್ಕೂ ಅದನ್ನು ಬಲ್ಲ ಒಬ್ಬರನ್ನು ಹುಡುಕಿ. ಐದು ಜನ ಸಿಕ್ಕರೆ ಸಾಕು. ಹನ್ನೆರಡು ಜನ ಬೇಡ. ಹನ್ನೆರಡು ಜನ ಇರುವ ಕಡೆ ಇದು ನನ್ನ ಕೆಲಸ ಅಂತ ಯಾರಿಗೂ ಅನ್ನಿಸುವುದಿಲ್ಲ.

ಹಣದ ಲೆಕ್ಕ ಬಲ್ಲ ಒಬ್ಬರು ಇರಲೇಬೇಕು. ನಮ್ಮ ಮಾನವಿಕ ವಿಭಾಗದವರು ಇದನ್ನು ಕೀಳು ಅಂದುಕೊಳ್ಳುತ್ತೇವೆ. ಮಾರ್ಚ್‌ನ ಆತುರ ಇಲ್ಲದಿದ್ದರೆ ನಾನು ಆ ಪ್ಲೇಯರನ್ನು ಹಾಗೆ ಓಡಿಸುತ್ತಿರಲಿಲ್ಲ. ನಿವೃತ್ತ ಹಣಕಾಸು ಅಧಿಕಾರಿಯೊಬ್ಬರು ಇದ್ದಿದ್ದರೆ ಅವಧಿ ಮುಂದೂಡಲು ಯಾರಿಗೆ, ಯಾವಾಗ ಬರೆಯಬೇಕು ಅಂತ ಡಿಸೆಂಬರ್‌ನಲ್ಲೇ ಹೇಳುತ್ತಿದ್ದರು.

ದೊಡ್ಡ ಹೆಸರು ಬೇಡವೇ ಬೇಡ ಅನ್ನುತ್ತಿಲ್ಲ. ಒಂದು ಸಾಕು. ನಮ್ಮ ರಾಜ್ಯದಲ್ಲಿ ಕುಲಪತಿಗಳ ಅವಧಿ ನಾಲ್ಕು ವರ್ಷ. ಹೊಸಬರು ಬಂದಾಗ ಈ ಕೇಂದ್ರ ಯಾಕಿದೆ ಅನ್ನುವ ಪ್ರಶ್ನೆ ಏಳುತ್ತದೆ. ನೀವು ಉತ್ತರ ಹೇಳಿದರೆ ನಿಮ್ಮ ಕುರ್ಚಿಗಾಗಿ ಹೇಳಿದಂತೆ ಕೇಳುತ್ತದೆ. ಹೊರಗಿನವರು ಒಂದು ಪುಟದ ಪತ್ರ ಬರೆದರೆ ಅದಕ್ಕೆ ತೂಕ ಬರುತ್ತದೆ. ತೀರ್ಮಾನ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನದೇ, ಸಲಹೆಗಾರರಿಗೆ ಓಟಿಲ್ಲ. ಪತ್ರ ಬರೆಯುವ ಮನಸ್ಸುಳ್ಳ ಹೆಸರೇ ಬೇಕು. ಶಾಲಿಗೆ ಬರುವ ಹೆಸರು ಬೇಡ.

ದುಡ್ಡು ಕೊಡುವವರನ್ನು ಸಮಿತಿಯಲ್ಲಿ ಕೂರಿಸಬೇಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ವಿದೇಶದವರು ಬೇಕಾ ಅಂತಲೂ ಕೇಳಿದ್ದೀರಿ. ಕೂತು ಕೆಲಸ ಮಾಡುವವರಾದರೆ ಬೇಕು. ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯ ನೆನಪಿಸಿಕೊಳ್ಳಿ. ಫಿನ್ಲೆಂಡಿನಿಂದ ಜಾನಪದ ವಿದ್ವಾಂಸ ಲೌರಿ ಹೊಂಕೊ ಬಂದರು. ಮಂಗಳೂರು ವಿಶ್ವವಿದ್ಯಾಲಯದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ 1990ರಲ್ಲಿ ಆ ಹಾಡನ್ನು ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾಗಿ ಬಂತು. ಹೊರಗಿನವರು ತಮ್ಮ ಅನುಭವ ತಂದರು, ಇಲ್ಲಿನವರು ಭಾಷೆ ತಂದರು, ನಡುವೆ ಹಾಡುವವರು ಕೂತಿದ್ದರು. ಲೆಟರ್‌ಹೆಡ್ಡಿನ ಮೇಲೆ ಹೆಸರು ಹಾಕಿಸಿಕೊಂಡಿದ್ದರೆ ಇದು ಆಗುತ್ತಿತ್ತಾ?

ಮೊದಲ ಸಭೆಯನ್ನು ಸಭಾಂಗಣದಲ್ಲಿ ಇಡಬೇಡಿ. ಸೋರುವ ಕೋಣೆ ಇದ್ದರೆ ಅಲ್ಲೇ ಕುರ್ಚಿ ಹಾಕಿ. ಅಜೆಂಡಾ ನೀವೇ ಬರೆಯಿರಿ, ಕಚೇರಿಗೆ ಬಿಡಬೇಡಿ. ಪವರ್ ಪಾಯಿಂಟ್ ಬೇಡ.

ಇನ್ನೊಬ್ಬರು ಇರಬೇಕು, ಅವರನ್ನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ. ನಿಮ್ಮ ಬೀರುವಿನಲ್ಲಿ ಯಾರ ಹಾಡು, ಯಾರ ಓಲೆಗರಿ, ಯಾರ ಕತೆ ಇದೆಯೋ ಅವರ ಕಡೆಯವರು. 2016ರಲ್ಲಿ, ನಿವೃತ್ತಿಗೆ ಒಂದು ವರ್ಷ ಮೊದಲು, ನಾನು ಹಳೆ ಸಮಿತಿ ಬಿಟ್ಟು ಐದು ಜನರ ಹೊಸ ಸಮಿತಿ ಮಾಡಿದೆ. ಅದರಲ್ಲಿ ಒಬ್ಬರು ಹಂತಿ ಪದ ಹಾಡುತ್ತಿದ್ದವರ ಮೊಮ್ಮಗ. ಟ್ರ್ಯಾಕ್ಟರ್ ಓಡಿಸುತ್ತಾರೆ, ಓದಿದ್ದು ಏಳನೇ ಕ್ಲಾಸು. ಉಳಿದ ಹತ್ತೊಂಬತ್ತು ಕ್ಯಾಸೆಟ್‌ಗಳಲ್ಲಿ ಆರಕ್ಕೆ ಲೇಬಲ್ ಹೋಗಿತ್ತು. ಯಾವ ಊರು, ಯಾರ ದನಿ ನಮಗೆ ಗೊತ್ತಾಗಿರಲಿಲ್ಲ. ಅವರು ಹೆಡ್‌ಫೋನ್ ಹಾಕಿಕೊಂಡು ಕೂತರು. ಮೂರನೆಯದರಲ್ಲಿ ಹಾಡು ಶುರುವಾಗುವ ಮೊದಲೇ, ಬರೀ ಎತ್ತಿನ ಗಂಟೆ ಕೇಳುತ್ತಿರುವಾಗ, ಕೈಯೆತ್ತಿ ನಿಲ್ಲಿಸಿ ಅಂದರು. ಅದು ಅವರ ಮನೆಯ ಎತ್ತಿನ ಗಂಟೆ. ಆ ಗಂಟೆ ಈಗಲೂ ಅವರ ಮನೆಯ ಒಂದು ಮೂಲೆಯಲ್ಲಿ ತೂಗುತ್ತಿದೆಯಂತೆ.