ಉತ್ತರ ಕೊಟ್ಟಾರ, ಓದಿ ಹೇಳಿಲ್ಲ ಅಷ್ಟ

ಬಾಗಲಕೋಟಿ ಅಣ್ಣಾರ, ಬೆಳಗಾವಿ ಅಧಿವೇಶನದಾಗ ವಿರೋಧ ಪಕ್ಷದವರು ಆಲಮಟ್ಟಿ ಮುಳುಗಡೆ ಪರಿಹಾರದ ಬಗ್ಗೆ ಕೇಳಿದ್ರ ಮಂತ್ರಿಗಳು ‘ಉತ್ತರ ಒದಗಿಸಲಾಗಿದೆ’ ಅಂತ ಹೇಳಿ ಕುಂತ್ರು, ಮುಖ್ಯಮಂತ್ರಿ ಏಳಲೇ ಇಲ್ಲ, ಇದು ಜಾರಿಕೊಂಡಂಗ ಅಲ್ಲೇನು ಅಂತ ಕೇಳೀರಿ.

ಅಷ್ಟಕ್ಕ ಜಾರಿಕೊಂಡ್ರು ಅನ್ನಾಕ ಬರೂದಿಲ್ರಿ. ಚುಕ್ಕೆ ಗುರುತಿನ ಪ್ರಶ್ನೆಗೆ (ಅಂದ್ರ ಸದನದಾಗ ಮಂತ್ರಿ ಬಾಯಿಲೇ ಉತ್ತರ ಕೊಡೂ ಪ್ರಶ್ನೆಗೆ) ಅಚ್ಚಾದ ಉತ್ತರ ಮೊದಲ ಸದಸ್ಯರ ಕೈಗೆ ಹೋಗಿರ್ತೈತಿ. ಅದನ್ನ ಮತ್ತ ಓದ್ಕೋತ ನಿಂತ್ರ ಪ್ರಶ್ನೋತ್ತರ ವೇಳೆ ಅಲ್ಲೇ ಮುಗೀತೈತಿ. ಖರೇ ಆಟ ಉಪಪ್ರಶ್ನೆಯೊಳಗ, ಅಂದ್ರ ಆ ಉತ್ತರದ ಮ್ಯಾಲ ಎದ್ದು ಕೇಳೂ ಮುಂದಿನ ಪ್ರಶ್ನೆಯೊಳಗ. ಆಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕ ಏರಿಸೂ ವಿಚಾರ ಕಾಗದದಾಗ ಇರ್ತೈತಿ. ‘ಹಂಗಾದ್ರ ಮುಳುಗೂ ಹೊಲಕ್ಕ ಎಕರೆಗೆ ಎಷ್ಟು, ಯಾವಾಗ?’ ಅಂತ ಎದ್ದು ಕೇಳಿದಾಗ ಮಂತ್ರಿ ಬಾಯಿಲೇ ಹೇಳಬೇಕು. ತಡವರಿಸಿದ್ರ ಅಧಿಕಾರಿಗಳ ಕಡೆಯಿಂದ ಚೀಟಿ ಓಡಿ ಬರ್ತಾವ. ಸುವರ್ಣಸೌಧದ ಗ್ಯಾಲರಿಯಾಗ ಕುಂತಾಗ ನಾನಂತೂ ಭಾಷಣಕ್ಕಿಂತ ಆ ಚೀಟಿನ ಹೆಚ್ಚು ನೋಡೀನಿ! ಚುಕ್ಕೆ ಇಲ್ಲದ ಪ್ರಶ್ನೆಗೆ ಬರೇ ಲಿಖಿತ ಉತ್ತರ, ಉಪಪ್ರಶ್ನೆ ಇಲ್ಲ.

ಮುಖ್ಯಮಂತ್ರಿ ಯಾಕ ಏಳಲಿಲ್ಲ ಅಂದ್ರ, ಆ ಖಾತೆ ಅವರದಲ್ಲ. ಸಂವಿಧಾನದ 164ನೇ ವಿಧಿ ಪ್ರಕಾರ ಇಡೀ ಮಂತ್ರಿಮಂಡಲ ಕೂಡಿ ವಿಧಾನಸಭೆಗೆ ಹೊಣೆ, ಅದಕ್ಕ ಯಾವ ಮಂತ್ರಿ ಉತ್ತರ ಕೊಟ್ರೂ ಅದು ಸರ್ಕಾರದ ಉತ್ತರನ. ಲಂಡನ್ ಪಾರ್ಲಿಮೆಂಟಿನಾಗ ಸದನ ನಡದಾಗ ಬುಧವಾರಕ್ಕೊಮ್ಮೆ ಪ್ರಧಾನಿನ ನಿಂತು ವಿರೋಧ ಪಕ್ಷದ ನಾಯಕರಿಗೆ ಉತ್ತರ ಕೊಡ್ತಾರ. ಆ ಪದ್ಧತಿ ಇಲ್ಲೂ ಇದ್ದಿದ್ರ ಛಲೋ ಇತ್ತು ಅನಸ್ತೈತಿ ನನಗ.

ಜಾರಿಕೊಳ್ಳೂ ಮಾತು ಬ್ಯಾರೆ ಐತಿ: ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’. ಮುದ್ರಿತ ಉತ್ತರ ವಿಧಾನಸಭೆಯ ಜಾಲತಾಣದಾಗ ಹುಡುಕ್ರಿ, ಅದರಾಗ ಆ ಸಾಲು ಐತೇನು ನೋಡಿ ಇಲ್ಲಿ ಹಾಕ್ರಿ.