ಮಳೆ ಎಕ್ಸ್‌ಎಂಎಲ್‌ನಿಂದ ಲಿಸ್ಟ್ ಮಾಡುವಾಗ: ಖಾಲಿ ಬೇರೆ, ಸೊನ್ನೆ ಬೇರೆ

ಮೂಡಿಗೆರೆ ಸ್ನೇಹಿತರೇ, ನಿಮ್ಮ ಕೋಡ್ ನೋಡಿದೆ. ಹವಾಮಾನ ಸೇವೆ ಕೊಡುವ ಎಕ್ಸ್‌ಎಂಎಲ್‌ನಿಂದ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಇಟ್ಟು ಕಳಿಸುವ ಟೆಕ್ಸ್ಟ್) ಸಿ ಶಾರ್ಪ್‌ನಲ್ಲಿ ಮಳೆ ದಾಖಲೆಗಳ ಲಿಸ್ಟ್ ಮಾಡಲು ಹೊರಟಿರಿ. ಲಿಸ್ಟ್ ಖಾಲಿ ಬಂತು. ಮೇಲೆ ಒಬ್ಬರು ‘ಎಕ್ಸ್‌ಎಂಎಲ್‌ಎನ್‌ಎಸ್ ಇರೋ ಭಾಗ ರಿಪ್ಲೇಸ್ ಮಾಡಿ ತೆಗೆದುಬಿಡಿ’ ಅಂದರು. ತೆಗೆದಿರಿ, ಲಿಸ್ಟ್ ತುಂಬಿತು, ಥ್ಯಾಂಕ್ಸ್ ಹೇಳಿ ಥ್ರೆಡ್ ಮುಗಿಸುತ್ತಿದ್ದೀರಿ. ದಯವಿಟ್ಟು ಈಗಲೇ ಮುಗಿಸಬೇಡಿ. ಅದೇ ಕೋಡ್‌ನಲ್ಲಿ ಸ್ವಲ್ಪ ಕೆಳಗೆ ಇದಕ್ಕಿಂತ ದೊಡ್ಡ ತೊಂದರೆ ಇದೆ. ಮಳೆ ಅಂಕಿ ಪಾರ್ಸ್ ಆಗದಿದ್ದರೆ (ಟೆಕ್ಸ್ಟನ್ನು ಸಂಖ್ಯೆಯಾಗಿ ಓದಲು ಆಗದಿದ್ದರೆ) ಸೊನ್ನೆ ಅಂತ ಹಾಕಿದ್ದೀರಲ್ಲ, ಆ ಸಾಲು. ಹಿಂದೆ ನಾನೂ ಹಾಗೇ ಬರೆದವನು, ಅದಕ್ಕೇ ಇಷ್ಟುದ್ದದ ಉತ್ತರ.

ಖಾಲಿ ಲಿಸ್ಟ್ ವಿಷಯ ಮೊದಲು ಮುಗಿಸುತ್ತೇನೆ. ನಮ್ಮ ಕಡೆ ಹೊಸಹಳ್ಳಿ ಅಂದರೆ ಸಾಲದು, ಯಾವ ತಾಲ್ಲೂಕಿನ ಹೊಸಹಳ್ಳಿ ಅಂತ ಹೇಳಬೇಕು ಅಲ್ವಾ? ಟ್ಯಾಗ್‌ನ ಹೆಸರು ಯಾರದು ಅಂತ ಹೇಳುವ ನೇಮ್‌ಸ್ಪೇಸ್ (ಎಕ್ಸ್‌ಎಂಎಲ್‌ಎನ್‌ಎಸ್) ಇರುವುದು ಅದಕ್ಕೇ. ರೂಟ್ ಟ್ಯಾಗ್‌ನಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ ಇದ್ದರೆ ಒಳಗಿನ ಎಲಿಮೆಂಟುಗಳ ಪೂರ್ತಿ ಹೆಸರಲ್ಲಿ ಅದೂ ಸೇರಿರುತ್ತದೆ. ನೀವು ಒಳಗಿನ ಎಲಿಮೆಂಟ್ ಹುಡುಕುವ ಡಿಸೆಂಡೆಂಟ್ಸ್‌ಗೆ ಬರೀ ‘ರೆಕಾರ್ಡ್’ ಅಂತ ಕೊಟ್ಟಿದ್ದೀರಿ. ಬರೀ ಆ ಹೆಸರಿನದು ಅಲ್ಲಿ ಒಂದೂ ಇಲ್ಲ. ಎರರ್ ಬರುವುದಿಲ್ಲ, ಸುಮ್ನೆ ಖಾಲಿ ಬರುತ್ತದೆ. ಒಂದು ಎಕ್ಸ್‌ನೇಮ್‌ಸ್ಪೇಸ್ ವೇರಿಯಬಲ್ ಮಾಡಿ ಹೆಸರಿನ ಮುಂದೆ ಪ್ಲಸ್ ಮಾಡಿ, ಕೆಲಸ ಮುಗಿಯಿತು. ಟ್ಯಾಗ್ ಒಳಗೇ ಬರೆಯುವ ಆಟ್ರಿಬ್ಯೂಟ್‌ಗೆ ಮಾತ್ರ ಸೇರಿಸಬೇಡಿ. ಡೀಫಾಲ್ಟ್ ನೇಮ್‌ಸ್ಪೇಸ್ ಎಲಿಮೆಂಟ್‌ಗೆ ಅನ್ವಯಿಸುತ್ತದೆ, ಆಟ್ರಿಬ್ಯೂಟ್‌ಗೆ ಇಲ್ಲ.

ರಿಪ್ಲೇಸ್ ಯಾಕೆ ಬೇಡ ಅಂದರೆ, ಸೇವೆಯವರು ನಾಳೆ ಡಬಲ್ ಕೋಟ್ ಬಿಟ್ಟು ಸಿಂಗಲ್ ಕೋಟ್ ಹಾಕಿದರೂ ಎಕ್ಸ್‌ಎಂಎಲ್ ಪ್ರಕಾರ ಅದು ಸರಿಯೇ, ನಿಮ್ಮ ರಿಪ್ಲೇಸ್ ಮಾತ್ರ ಹಿಡಿಯುವುದಿಲ್ಲ. ಮತ್ತೆ ಲಿಸ್ಟ್ ಖಾಲಿ. ಸೋಪ್ (ಎಕ್ಸ್‌ಎಂಎಲ್ ಲಕೋಟೆಯಲ್ಲಿ ಉತ್ತರ ಕಳಿಸುವ ಪದ್ಧತಿ) ಸೇವೆಯಾದರೆ ಇನ್ನೂ ಕಷ್ಟ. ಅಲ್ಲಿ ಎನ್ವಲಪ್‌ಗೆ ಪ್ರಿಫಿಕ್ಸ್ (ಹೆಸರಿನ ಮುಂದೆ ನೇಮ್‌ಸ್ಪೇಸ್‌ನ ಚಿಕ್ಕ ಗುರುತು) ಇರುತ್ತದೆ. ಅದರ ಘೋಷಣೆ ಕಿತ್ತು ಹಾಕಿದರೆ ಪಾರ್ಸರ್ ಓದಲಿಕ್ಕೇ ಒಪ್ಪುವುದಿಲ್ಲ.

ಈಗ ಸೊನ್ನೆ ವಿಷಯ.

ಸಕಲೇಶಪುರದ ಆಚೆ ತೋಟ ಇರುವ ಒಬ್ಬ ಸಂಬಂಧಿಕರಿಗೆ ಇಂಥದ್ದೇ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಅವರು ಇರುವುದು ಹಾಸನದಲ್ಲಿ. ಹೂ ಮಳೆಯ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ, ಸಮಯ. ಆ ಭಾಗದ ಮಳೆಮಾಪಕ ಕೆಟ್ಟು ನಿಂತಿತ್ತು, ಸೇವೆ ಖಾಲಿ ಟ್ಯಾಗ್ ಕಳಿಸಿತು. ನನ್ನ ಕೋಡ್ ಅದನ್ನು ಸೊನ್ನೆ ಮಾಡಿ ‘ಮಳೆ 0.0’ ಅಂತ ತೋರಿಸಿತು. ಅವರು ಅದನ್ನು ನಂಬಿ ಬೆಳಿಗ್ಗೆಯೇ ಸ್ಪ್ರಿಂಕ್ಲರ್ ಪೈಪು, ಆಳು, ಡೀಸೆಲ್ ಎಲ್ಲ ಪಿಕಪ್‌ಗೆ ತುಂಬಿ ಕಳಿಸಿದರು. ಹೋಗಿ ನೋಡಿದರೆ ಕಾಫಿ ಗಿಡದ ಬುಡ ಒದ್ದೆ, ರಾತ್ರಿಯೇ ಒಳ್ಳೆ ಮಳೆ ಆಗಿದೆ. ಪಾರ್ಸಿಂಗ್‌ನಲ್ಲಿ ಒಂದು ಎಕ್ಸೆಪ್ಶನ್ (ಪ್ರೋಗ್ರಾಮ್ ನಿಲ್ಲಿಸುವ ಎರರ್) ಕೂಡ ಬಂದಿರಲಿಲ್ಲ. ಪ್ರೋಗ್ರಾಮ್ ನಿಂತುಹೋಗಿದ್ದರೆ ಅವರು ಪಕ್ಕದ ತೋಟಕ್ಕೆ ಒಂದು ಫೋನ್ ಮಾಡಿ ಕೇಳುತ್ತಿದ್ದರು. ಸೊನ್ನೆ ಕಂಡಿದ್ದರಿಂದ ಕೇಳಲಿಲ್ಲ.

ಅದಕ್ಕೇ ಹೇಳುವುದು, ನಿಮ್ಮ ಕ್ಲಾಸ್‌ನಲ್ಲಿ ಮಳೆ ಪ್ರಾಪರ್ಟಿ ಡೆಸಿಮಲ್ ಅಲ್ಲ, ನಲ್ಲಬಲ್ ಡೆಸಿಮಲ್ ಇರಬೇಕು, ಅಂದರೆ ‘ಮೌಲ್ಯವೇ ಇಲ್ಲ’ (ನಲ್) ಅಂತಲೂ ಇಟ್ಟುಕೊಳ್ಳಬಲ್ಲ ದಶಮಾಂಶ ಸಂಖ್ಯೆ. ಇದರಲ್ಲಿ ರಾಜಿ ಬೇಡ. ಎಲಿಮೆಂಟನ್ನು ನೇರವಾಗಿ ನಲ್ಲಬಲ್ ಡೆಸಿಮಲ್‌ಗೆ ಕಾಸ್ಟ್ ಮಾಡಿದರೆ, ಎಲಿಮೆಂಟ್ ಇಲ್ಲದಿದ್ದಾಗ ನಲ್ ಬರುತ್ತದೆ. ಅಷ್ಟರ ಮಟ್ಟಿಗೆ ಚೆನ್ನ. ಟ್ಯಾಗ್ ಇದ್ದು ಒಳಗೆ ಏನೂ ಇಲ್ಲದಿದ್ದರೆ ಮಾತ್ರ ಫಾರ್ಮ್ಯಾಟ್ ಎಕ್ಸೆಪ್ಶನ್ ಬರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಎರರ್ ಬಂತು ಅಂತ, ಎಕ್ಸೆಪ್ಶನ್ ಕೊಡದ ಟ್ರೈಪಾರ್ಸ್ ಹಾಕುತ್ತಾರೆ, ಟ್ರೈಪಾರ್ಸ್ ಸೋತಾಗ ಸೊನ್ನೆ ಕೊಡುತ್ತದೆ, ಅದನ್ನೇ ಇಟ್ಟುಕೊಳ್ಳುತ್ತಾರೆ. ನೀವು ಮಾಡಿರುವುದೂ ಅದೇ.

ನಾನು ಮಾಡುವುದು ಒಂದು ಚಿಕ್ಕ ಫಂಕ್ಷನ್. ಎಲಿಮೆಂಟ್ ಕೊಟ್ಟರೆ ಮೊದಲು ಅದು ನಲ್ಲಾ ನೋಡುತ್ತದೆ. ಆಮೇಲೆ ಮೌಲ್ಯವನ್ನು ಟ್ರಿಮ್ ಮಾಡಿ ಖಾಲಿಯಾ ನೋಡುತ್ತದೆ. ಆಮೇಲೆ ಆ ಸೇವೆ ‘ಅಳತೆ ಇಲ್ಲ’ ಅನ್ನುವುದಕ್ಕೆ ಬಳಸುವ ಗುರುತು, ಒಂದು ಗೀಟು, ಎನ್‌ಎ, ಅಥವಾ -999, ಇದೆಯಾ ನೋಡುತ್ತದೆ. ಇವೆಲ್ಲಕ್ಕೂ ನಲ್. ಬೇರೆ ಏನೇ ಇದ್ದರೂ ಇನ್‌ವೇರಿಯಂಟ್ ಕಲ್ಚರ್ (ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ನೋಡದ ಸ್ಥಿರ ನಿಯಮ) ಕೊಟ್ಟು ಪಾರ್ಸ್. ಅದೂ ಆಗದಿದ್ದರೆ ಎಕ್ಸೆಪ್ಶನ್ ಬರಲಿ, ನುಂಗಬೇಡಿ. ಗುರುತು ಇಲ್ಲದ ಹೊಸದೇನೋ ಬಂದಿದೆ ಅಂತ ಅರ್ಥ, ಅದು ನಿಮಗೆ ಗೊತ್ತಾಗಲೇಬೇಕು. ಲೋಡ್ ಮಾಡುವಾಗ ಸೆಟ್‌ಲೈನ್‌ಇನ್ಫೋ ಆಯ್ಕೆ ಕೊಟ್ಟಿದ್ದರೆ ಯಾವ ಸಾಲಲ್ಲಿ ತೊಂದರೆ ಅಂತ ಸಂದೇಶದಲ್ಲೇ ಸೇರಿಸಬಹುದು. -999 ಅನ್ನು ಮರೆತರೆ ತಿಂಗಳ ಮೊತ್ತ ಮೈನಸ್‌ಗೆ ಹೋಗಬಹುದು, ಹೋದರೆ ಅದಾದರೂ ಕಣ್ಣಿಗೆ ಬೀಳುತ್ತದೆ. ಸೊನ್ನೆ ಬೀಳುವುದಿಲ್ಲ.

ನಲ್ಲಬಲ್ ಮಾಡಿದರೆ ಮುಗಿಯಿತು ಅಂತಲ್ಲ. ಲಿಂಕ್‌ನ (LINQ, ಸಿ ಶಾರ್ಪ್‌ನಲ್ಲಿ ಲಿಸ್ಟ್‌ಗಳ ಮೇಲೆ ಕೆಲಸ ಮಾಡುವ ಸೌಲಭ್ಯ) ಸಮ್ ನಲ್‌ಗಳನ್ನು ಬಿಟ್ಟು ಕೂಡುತ್ತದೆ. ಎಲ್ಲವೂ ನಲ್ ಇದ್ದರೂ ಸೊನ್ನೆ ಕೊಡುತ್ತದೆ! ತಿಂಗಳಿಡೀ ಮಾಪಕ ಕೆಟ್ಟಿದ್ದರೆ ‘ಒಟ್ಟು ಮಳೆ 0’ ಅಂತ ಮತ್ತೆ ಅದೇ ಸುಳ್ಳು. ಆವರೇಜ್ ಹಾಗಲ್ಲ, ಎಲ್ಲ ನಲ್ ಇದ್ದರೆ ನಲ್ ಕೊಡುತ್ತದೆ. ಹಾಗಾಗಿ ಮೊತ್ತದ ಪಕ್ಕದಲ್ಲೇ ಎಷ್ಟು ದಿನದ ಅಳತೆ ಇಲ್ಲ ಅಂತ ತೋರಿಸಿ. ನೋಡುವವರಿಗೆ ಎರಡೂ ಬೇಕು.

ಎಡಿಟ್ ಮೆನುವಿನ ‘ಪೇಸ್ಟ್ ಎಕ್ಸ್‌ಎಂಎಲ್ ಆ್ಯಸ್ ಕ್ಲಾಸಸ್’ ಬಳಸಿ ಅಂತ ಇನ್ನೊಬ್ಬರು ಹೇಳಿದ್ದಾರೆ. ವಿಷುವಲ್ ಸ್ಟುಡಿಯೋ ನನಗೂ ಇಷ್ಟ, ಈ ಒಂದು ಸೌಲಭ್ಯ ಮಾತ್ರ ಕುರುಡಾಗಿ ನಂಬಬೇಡಿ. ಅದು ನೀವು ಅಂಟಿಸಿದ ಸ್ಯಾಂಪಲ್ ನೋಡಿ ಟೈಪ್ ಊಹಿಸುತ್ತದೆ. ಫೆಬ್ರವರಿಯ ಸ್ಯಾಂಪಲ್ ಅಂಟಿಸಿದರೆ ಮಳೆ 0 ಇರುತ್ತದೆ, ಅದು ಬೈಟ್ ಅಂತ ಬರೆಯುತ್ತದೆ. ಬೈಟ್‌ಗೆ ಹಿಡಿಯುವುದು 255ರವರೆಗೆ, ಅದೂ ಪೂರ್ಣಾಂಕ ಮಾತ್ರ. ಮಾರ್ಚ್‌ನಲ್ಲಿ 12.4 ಬಂದ ದಿನವೇ ಪ್ರೋಗ್ರಾಮ್ ಎರರ್ ಬಂದು ನಿಲ್ಲುತ್ತದೆ. ಸೇವೆ ಪೂರ್ಣಾಂಕವನ್ನೇ ಕೊಡುವುದಾದರೆ ಜುಲೈವರೆಗೆ ಚೆನ್ನಾಗಿ ಓಡಿ, ಕೊಟ್ಟಿಗೆಹಾರದ ಕಡೆ 260 ಮಿಲಿಮೀಟರ್ ಸುರಿದ ದಿನ ಓವರ್‌ಫ್ಲೋ ಆಗುತ್ತದೆ. ಪ್ರೋಗ್ರಾಮ್ ಬೇಕಾಗಿದ್ದೇ ಆವತ್ತು! ಬಳಸುವುದಾದರೆ ಬಳಸಿ, ಆದರೆ ಪ್ರತಿ ಟೈಪನ್ನೂ ಕೂತು ತಿದ್ದಿ.

ಎಕ್ಸ್‌ಎಂಎಲ್ ಅನ್ನು ತಾನೇ ಆಬ್ಜೆಕ್ಟ್ ಮಾಡಿಕೊಡುವ ಎಕ್ಸ್‌ಎಂಎಲ್‌ಸೀರಿಯಲೈಸರ್‌ಗೆ ನಾನು ವಿರೋಧಿ ಅಲ್ಲ. ಐವತ್ತು ಫೀಲ್ಡ್ ಇದ್ದು ಸ್ಕೀಮಾ ಫೈಲ್ ಕೊಟ್ಟಿದ್ದರೆ ಅದೇ ಸರಿ. ಆದರೆ ಹೆಸರು ಹೊಂದದ ಟ್ಯಾಗ್‌ಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆ ಪ್ರಾಪರ್ಟಿ ಬರೀ ಡೆಸಿಮಲ್ ಇದ್ದರೆ ಉಳಿಯುವುದು ಮತ್ತೆ ಸೊನ್ನೆ. ಅನ್‌ನೋನ್ ಎಲಿಮೆಂಟ್ ಇವೆಂಟ್ ಹಿಡಿದು ಲಾಗ್ ಮಾಡಿ. ಇನ್ನೊಂದು ಮುಖ್ಯ ವಿಷಯ: ರೂಟ್ ಆಟ್ರಿಬ್ಯೂಟ್ ಕೊಟ್ಟು ಪ್ರತಿ ಸಲ ಹೊಸ ಸೀರಿಯಲೈಸರ್ ಮಾಡಿದರೆ ಒಳಗೆ ಪ್ರತಿ ಸಲ ಹೊಸ ಅಸೆಂಬ್ಲಿ (ಕಂಪೈಲ್ ಆದ ಕೋಡ್‌ನ ತುಂಡು) ಹುಟ್ಟುತ್ತದೆ, ಮೆಮೊರಿ ಏರುತ್ತಾ ಹೋಗುತ್ತದೆ. ಸ್ಟ್ಯಾಟಿಕ್ ಆಗಿ ಒಂದೇ ಇಟ್ಟುಕೊಳ್ಳಿ. ನಿಮ್ಮದು ನಾಲ್ಕೇ ಫೀಲ್ಡ್ ಅಲ್ವಾ, ಸೆಲೆಕ್ಟ್ ಒಳಗೆ ಕೈಯಲ್ಲೇ ಮ್ಯಾಪ್ ಮಾಡಿ. ಮರೆಯದೆ ಕೊನೆಗೆ ಟುಲಿಸ್ಟ್ ಹಾಕಿ. ಹಾಕದಿದ್ದರೆ ನೀವು ಲಿಸ್ಟ್ ನೋಡಿದ ಪ್ರತಿ ಸಲವೂ ಮ್ಯಾಪಿಂಗ್ ಮತ್ತೆ ನಡೆಯುತ್ತದೆ, ಎಕ್ಸೆಪ್ಶನ್ ಕೂಡ ಇಲ್ಲಿ ಬರುವ ಬದಲು ಎಲ್ಲೋ ಸ್ಕ್ರೀನ್ ತೋರಿಸುವ ಕೋಡ್‌ನಲ್ಲಿ ಬರುತ್ತದೆ.

ತಾರೀಖು ನೋಡಿಕೊಳ್ಳಿ. ನಿಮ್ಮ ಎಕ್ಸ್‌ಎಂಎಲ್‌ನಲ್ಲಿ 03/07 ಅಂತ ಇದೆ, ನಮಗೆ ಅದು ಜುಲೈ 3. ಎಲಿಮೆಂಟನ್ನು ನೇರ ಡೇಟ್‌ಟೈಮ್‌ಗೆ ಕಾಸ್ಟ್ ಮಾಡಿದರೆ ಮಾರ್ಚ್ 7 ಆಗುತ್ತದೆ, ಯಾಕೆಂದರೆ ಇನ್‌ವೇರಿಯಂಟ್ ಕಲ್ಚರ್‌ನಲ್ಲಿ ತಿಂಗಳು ಮೊದಲು. ಪ್ರತಿ ತಿಂಗಳ 12ನೇ ತಾರೀಖಿನವರೆಗೆ ಎರರ್ ಇಲ್ಲದೆ ತಪ್ಪು (07/07 ಥರದ್ದು ಬಿಟ್ಟು), 13ಕ್ಕೆ ಎಕ್ಸೆಪ್ಶನ್. ಪಾರ್ಸ್‌ಎಕ್ಸಾಕ್ಟ್ ಬಳಸಿ, ಫಾರ್ಮ್ಯಾಟ್ ನೀವೇ ಬರೆದುಕೊಡಿ. ಇನ್ನು ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. 3ನೇ ತಾರೀಖಿನ ಅಳತೆ ಅಂದರೆ 2ರ ಬೆಳಿಗ್ಗೆ 8.30ರಿಂದ 3ರ ಬೆಳಿಗ್ಗೆ 8.30ರವರೆಗಿನದು. ನಿಮ್ಮ ಸೇವೆ ಯಾವ ಲೆಕ್ಕ ಹಿಡಿದಿದೆ ಅಂತ ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ನಿಮ್ಮ ತಂದೆಯವರು ಬರೆದಿಡುವ ಮಳೆ ಪುಸ್ತಕಕ್ಕೂ ನಿಮ್ಮ ಲಿಸ್ಟ್‌ಗೂ ಒಂದು ದಿನದ ವ್ಯತ್ಯಾಸ ಬಂದು ಮನೆಯಲ್ಲಿ ಜಗಳ ಆಗುತ್ತದೆ.

ತಂದೆಯವರಿಗೆ ಮಳೆ ಇಂಚು, ಸೆಂಟ್ಸ್‌ನಲ್ಲೇ ಬೇಕು ಅಂದಿದ್ದೀರಿ. ಆಬ್ಜೆಕ್ಟ್ ಒಳಗೆ ಮಿಲಿಮೀಟರೇ ಇರಲಿ. ತೋರಿಸುವಾಗ ಮಾತ್ರ 25.4ರಿಂದ ಭಾಗಿಸಿ. ಒಂದು ಇಂಚಿಗೆ 100 ಸೆಂಟ್ಸ್, ಗೊತ್ತೇ ಇದೆ.

ತರುವಾಗ ಸ್ಟ್ರಿಂಗ್ ಆಗಿ ತರಬೇಡಿ, ಸ್ಟ್ರೀಮ್ ತನ್ನಿ, ಅದನ್ನೇ ಎಕ್ಸ್‌ಡಾಕ್ಯುಮೆಂಟ್ ಲೋಡ್‌ಗೆ ಕೊಡಿ. ಆಗ ಎಕ್ಸ್‌ಎಂಎಲ್ ತಲೆಯಲ್ಲಿ ಬರೆದಿರುವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದ ಕ್ರಮ) ಲೆಕ್ಕಕ್ಕೆ ಬರುತ್ತದೆ. ಸ್ಟ್ರಿಂಗ್ ಮಾಡಿದರೆ ಕನ್ನಡದ ಹೋಬಳಿ ಹೆಸರುಗಳು ಕೆಡಬಹುದು. ಮುಂದೆ ಬಿಒಎಂ (ಎನ್‌ಕೋಡಿಂಗ್ ಸೂಚಿಸುವ ಕಾಣದ ಗುರುತು) ಅಂಟಿಕೊಂಡಿದ್ದರೆ ಪಾರ್ಸ್ ‘ಸಾಲು 1, ಸ್ಥಾನ 1’ ಅಂತ ಎರರ್ ಕೊಡುತ್ತದೆ, ಕಣ್ಣಿಗೆ ಮಾತ್ರ ಅಲ್ಲಿ ಏನೂ ಕಾಣುವುದಿಲ್ಲ. ಮೈಕ್ರೋಸಾಫ್ಟ್‌ನ ಹಳೆಯ ಎಎಸ್‌ಎಂಎಕ್ಸ್ ವೆಬ್ ಸೇವೆಗಳಲ್ಲಿ ಇನ್ನೊಂದು ಕಾಟ: ಎಕ್ಸ್‌ಎಂಎಲ್ ಒಳಗೆ ಒಂದೇ ಸ್ಟ್ರಿಂಗ್ ಎಲಿಮೆಂಟ್, ಅದರ ಒಳಗೆ ನಿಜವಾದ ಎಕ್ಸ್‌ಎಂಎಲ್. ಹಾಗಿದ್ದರೆ ಹೊರಗಿನದರ ವ್ಯಾಲ್ಯೂ ತೆಗೆದು ಇನ್ನೊಮ್ಮೆ ಪಾರ್ಸ್ ಮಾಡಬೇಕು.

ಬಂದ ಉತ್ತರವನ್ನು ಪಾರ್ಸ್ ಮಾಡುವ ಮೊದಲೇ ಇದ್ದ ಹಾಗೇ ಒಂದು ಫೈಲ್‌ಗೆ ಬರೆದಿಡಿ, ಹೆಸರಲ್ಲಿ ತಾರೀಖು, ಸಮಯ ಇರಲಿ. ಏನಾದರೂ ಕೆಟ್ಟರೆ ಆ ಫೈಲ್ ತೆಗೆದು ನೋಡಬಹುದು. ಮಳೆಗಾಲದಲ್ಲಿ ನೆಟ್ ಇಲ್ಲದ ದಿನ ಅದರ ಮೇಲೇ ಟೆಸ್ಟ್ ಮಾಡಬಹುದು. ಚಿಕ್ಕ ಕೋಡ್ ಓಡಿಸಿ ನೋಡುವ ಲಿಂಕ್‌ಪ್ಯಾಡ್ ಹಾಕಿಕೊಳ್ಳಿ, ಉಚಿತದ್ದೇ ಸಾಕು. ಇಂಥ ಕೆಲಸಕ್ಕೆ ಪ್ರಾಜೆಕ್ಟ್ ತೆರೆಯುವುದು ದಂಡ. ಅದರಲ್ಲಿ ಡಂಪ್ ಅಂತ ಕರೆದರೆ ಇಡೀ ಲಿಸ್ಟ್ ಟೇಬಲ್ ಆಗಿ ಕಾಣುತ್ತದೆ, ಯಾವುದು ನಲ್ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇವತ್ತು ಸೇವೆಯಿಂದ ಬಂದ ಎಕ್ಸ್‌ಎಂಎಲ್‌ನ ಮೊದಲ ಇಪ್ಪತ್ತು ಸಾಲು ಇಲ್ಲಿ ಹಾಕಿ, ಸ್ಕ್ರೀನ್‌ಶಾಟ್ ಬೇಡ, ಟೆಕ್ಸ್ಟ್ ಹಾಕಿ. ನಿಮ್ಮ ಎಪಿಐ ಕೀ (ಸೇವೆ ಬಳಸಲು ಕೊಟ್ಟ ಗುಟ್ಟಿನ ಕೋಡ್) ಇದ್ದರೆ ಅಳಿಸಿ. ಅಳತೆ ಇಲ್ಲದ ಸ್ಟೇಷನ್ನಿನ ದಾಖಲೆಯೂ ಒಂದು ಸೇರಿರಲಿ, ಅದನ್ನು ನೋಡಿ ಆ ಫಂಕ್ಷನ್ ನಿಮ್ಮ ಸೇವೆಗೆ ಹೊಂದುವ ಹಾಗೆ ಬರೆದುಕೊಡುತ್ತೇನೆ.